ಸ್ಕೈಡೈವಿಂಗ್‌ಗೆ ಹೊರಟವರೇ, ಪ್ಯಾರಾಚೂಟ್ ಜೊತೆ ವಿಮಾನದ ಬಗ್ಗೆಯೂ ಕೇಳಿ

ಹೋದ ವರ್ಷ ನನ್ನ ತಂಗಿ ಮೊದಲ ಸಲ ಸ್ಕೈಡೈವಿಂಗ್‌ಗೆ ಹೊರಟಿದ್ದಳು. ಹಿಂದಿನ ರಾತ್ರಿ ಫೋನ್ ಮಾಡಿದಳು.

"ಅಕ್ಕಾ, ಪ್ಯಾರಾಚೂಟ್ ಬಿಚ್ಚಿಕೊಳ್ಳದೇ ಹೋದ್ರೆ ಏನು ಗತಿ?"

"ಅದಕ್ಕೆ ಇನ್ನೊಂದು ಪ್ಯಾರಾಚೂಟ್ ಇರುತ್ತೆ ಕಣೇ. ನೀನು ವಿಮಾನದಲ್ಲಿ ಬೆಲ್ಟ್ ಹಾಕ್ಕೋತೀಯಾ ತಾನೇ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಜಿಗಿಯೋಕೆ ಅಂತಾನೇ ಹೋಗೋಳಿಗೆ ಬೆಲ್ಟ್ ಯಾಕೆ?" ಎಂದಳು.

ಅವಳದ್ದು ತಪ್ಪಲ್ಲ. ನನ್ನ ಮೊದಲ ಜಿಗಿತದ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಎಲ್ಲರ ಗಮನ ಪ್ಯಾರಾಚೂಟ್ ಮೇಲೆ. ಅಲ್ಲಿವರೆಗೆ ಕರೆದುಕೊಂಡು ಹೋಗುವ ಪುಟ್ಟ ವಿಮಾನದ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಆದರೆ ಒಂದೇ ಏಟಿಗೆ ಹತ್ತಾರು ಜನ ತೀರಿಕೊಂಡ ಸ್ಕೈಡೈವಿಂಗ್ ದುರಂತಗಳನ್ನು ತೆಗೆದು ನೋಡಿ. ಅಲ್ಲಿ ಬಿದ್ದಿರುವುದು ವಿಮಾನ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, 2008ರಲ್ಲಿ ಇದರ ಬಗ್ಗೆಯೇ ಒಂದು ವಿಶೇಷ ವರದಿ ತಂದಿತು. 1980ರಿಂದ ಅಲ್ಲಿಯವರೆಗೆ ಸ್ಕೈಡೈವಿಂಗ್ ವಿಮಾನಗಳ 32 ಅಪಘಾತಗಳಲ್ಲಿ 172 ಜನ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಜಿಗಿಯಲೆಂದು ಹತ್ತಿದವರೇ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹೋಗಿ, ಜಿಗಿಯಿರಿ, ಅದರಂಥ ಅನುಭವ ಇನ್ನೊಂದಿಲ್ಲ. ಆದರೆ ಹೋಗುವ ಮುಂಚೆ ವಿಮಾನದ ಭಾಗವನ್ನೂ ಕಲಿತುಕೊಂಡು ಹೋಗಿ. ಮೊದಲ ಸಲ ಟ್ಯಾಂಡಮ್ ಜಿಗಿತಕ್ಕೆ, ಅಂದರೆ ಇನ್‌ಸ್ಟ್ರಕ್ಟರ್ ಜೊತೆ ಒಟ್ಟಿಗೆ ಕಟ್ಟಿಕೊಂಡು ಜಿಗಿಯಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಈ ಲೆಕ್ಕ ಅರ್ಥವಾಗಲಿ

ಟ್ಯಾಂಡಮ್ ಜಿಗಿತ ಸಾಮಾನ್ಯವಾಗಿ 10,000ದಿಂದ 15,000 ಅಡಿ ಎತ್ತರದಿಂದ ನಡೆಯುತ್ತದೆ. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಬಿದ್ದು, 5,000 ಅಡಿ ಆಸುಪಾಸಿನಲ್ಲಿ ಪ್ಯಾರಾಚೂಟ್ ಬಿಚ್ಚುತ್ತಾರೆ. ಅಷ್ಟು ಎತ್ತರ ಇದ್ದರೆ ಮೊದಲ ಪ್ಯಾರಾಚೂಟ್ ಕೈಕೊಟ್ಟರೂ ಅದನ್ನು ಕಳಚಿ ರಿಸರ್ವ್, ಅಂದರೆ ಎರಡನೆಯ ಪ್ಯಾರಾಚೂಟ್ ಬಿಚ್ಚಲು ಸಮಯ ಸಿಗುತ್ತದೆ. ಎತ್ತರ ಅಂದರೆ ಸಮಯ. ಅಷ್ಟೇ.

ಈಗ ಟೇಕಾಫ್ ಆದ ಮೊದಲ ಒಂದೆರಡು ನಿಮಿಷ ನೆನೆಸಿಕೊಳ್ಳಿ. ವಿಮಾನ 300 ಅಡಿ, 500 ಅಡಿಯಲ್ಲಿದೆ. ಎಂಜಿನ್ ನಿಂತರೆ ಜಿಗಿಯಲು ಎತ್ತರವೇ ಇಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಟ್ಯಾಂಡಮ್‌ನಲ್ಲಿ ನೀವು ತೊಟ್ಟಿರುವುದು ಬರೀ ಹಾರ್ನೆಸ್, ಅಂದರೆ ಮೈಗೆ ಬಿಗಿಯುವ ಪಟ್ಟಿಗಳು. ಪ್ಯಾರಾಚೂಟ್ ಎರಡೂ ಇರುವುದು ಇನ್‌ಸ್ಟ್ರಕ್ಟರ್ ಬೆನ್ನಿನ ಮೇಲೆ. ಅವರು ನಿಮ್ಮನ್ನು ನಾಲ್ಕು ಕೊಂಡಿಗಳಿಂದ ತಮಗೆ ಸಿಕ್ಕಿಸಿಕೊಳ್ಳುವವರೆಗೆ ನಿಮ್ಮ ಹತ್ತಿರ ಪ್ಯಾರಾಚೂಟ್ ಅನ್ನುವುದೇ ಇಲ್ಲ. ಆ ಹೊತ್ತಿನಲ್ಲಿ ನಿಮ್ಮನ್ನು ಕಾಯುವುದು ವಿಮಾನ, ಪೈಲಟ್ ಮತ್ತು ಬೆಲ್ಟ್.

ಹೆಜ್ಜೆ 1: ಬುಕ್ ಮಾಡುವ ಮುಂಚೆ ಕೇಳಿ

ಜಾಗ ಆರಿಸುವಾಗ ಫೋಟೊ, ವಿಡಿಯೊ, ಆಫರ್ ಎಲ್ಲಾ ನೋಡುತ್ತೀರಿ. ಅದರ ಜೊತೆ ಒಂದು ಫೋನ್ ಮಾಡಿ. ಮೊದಲು ಆ ದೇಶದ ಪ್ಯಾರಾಚೂಟ್ ಸಂಘಟನೆಯ ಸದಸ್ಯತ್ವ ಇದೆಯಾ ಕೇಳಿ. ಅಮೆರಿಕದಲ್ಲಿ ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್, ಬ್ರಿಟನ್‌ನಲ್ಲಿ ಬ್ರಿಟಿಷ್ ಸ್ಕೈಡೈವಿಂಗ್, ಆಸ್ಟ್ರೇಲಿಯಾದಲ್ಲಿ ಆಸ್ಟ್ರೇಲಿಯನ್ ಪ್ಯಾರಾಚೂಟ್ ಫೆಡರೇಷನ್, ಹೀಗೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅಮೆರಿಕದಂಥ ದೇಶದಲ್ಲೇ ಸ್ಕೈಡೈವಿಂಗ್ ವಿಮಾನಗಳಿಗೆ ಅನ್ವಯಿಸುವುದು ಖಾಸಗಿ ಸಣ್ಣ ವಿಮಾನಗಳ ನಿಯಮ. ದುಡ್ಡು ಕೊಟ್ಟು ಹತ್ತುವ ಚಾರ್ಟರ್ ವಿಮಾನದ ಬಿಗಿ ನಿಯಮ ಅಲ್ಲ. ಇದನ್ನು ಬಿಗಿ ಮಾಡಿ ಎಂದು ಎನ್‌ಟಿಎಸ್‌ಬಿ ಮತ್ತೆ ಮತ್ತೆ ಹೇಳುತ್ತಾ ಬಂದಿದೆ. ಹಾಗಾಗಿ "ನಮಗೆ ಲೈಸೆನ್ಸ್ ಇದೆ" ಎಂಬ ಉತ್ತರ ಸಾಲದು.

ಆಮೇಲೆ ವಿಮಾನದ ಪ್ರಶ್ನೆಗಳು. ಯಾವ ವಿಮಾನ? ಸೆಸ್ನಾ 182 ಆದರೆ ನಾಲ್ಕೈದು ಜನ, ಕ್ಯಾರವಾನ್ ಆದರೆ ಹದಿನೈದರ ಆಸುಪಾಸು, ಟ್ವಿನ್ ಓಟರ್ ಆದರೆ ಇಪ್ಪತ್ತರ ಮೇಲೆ. ಚಿಕ್ಕದೋ ದೊಡ್ಡದೋ ಎಂಬುದಕ್ಕಿಂತ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಮುಖ್ಯ. ಕೊನೆಯ ತಪಾಸಣೆ ಯಾವಾಗ ಆಯಿತು? ಈ ವಿಮಾನಕ್ಕೆ ಹಿಂದೆ ಏನಾದರೂ ದೊಡ್ಡ ಪೆಟ್ಟು ಬಿದ್ದಿತ್ತಾ? ಪೈಲಟ್ ಕೂಡ ಪ್ಯಾರಾಚೂಟ್ ಹಾಕಿಕೊಳ್ಳುತ್ತಾರಾ? ಬೆಲ್ಟ್ ಎಲ್ಲರಿಗೂ ಇದೆಯಾ?

"ಹಿಂದೆ ಪೆಟ್ಟು ಬಿದ್ದಿತ್ತಾ" ಎಂಬ ಪ್ರಶ್ನೆ ಅತಿಯಾಯಿತು ಅನ್ನಿಸಬಹುದು. ಹವಾಯಿಯ ಮೊಕುಲೈಯಾ ಕಥೆ ಕೇಳಿ. 2019ರ ಜೂನ್ 21ರ ಸಂಜೆ ಅಲ್ಲಿನ ಡಿಲ್ಲಿಂಗ್‌ಹ್ಯಾಮ್ ಏರ್‌ಫೀಲ್ಡ್‌ನಿಂದ ಒಂದು ಕಿಂಗ್ ಏರ್ ವಿಮಾನ ಮೇಲೆದ್ದಿತು. ಎದ್ದ ಕೂಡಲೇ ಮಗುಚಿ ಬಿತ್ತು. 11 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪೈಲಟ್ ಟೇಕಾಫ್ ಆದ ತಕ್ಷಣ ವಿಮಾನವನ್ನು ಜೋರಾಗಿ ತಿರುಗಿಸಿದ್ದು ಮುಖ್ಯ ಕಾರಣ ಎಂದು ತನಿಖೆ ಹೇಳಿತು. ಅದರ ಜೊತೆಗೆ ಇನ್ನೊಂದು ವಿಷಯ ಹೊರಬಿತ್ತು. ಆ ವಿಮಾನದ ಎಡ ರೆಕ್ಕೆ ಸೊಟ್ಟಗಾಗಿತ್ತು. ಮೂರು ವರ್ಷ ಹಿಂದೆ, 2016ರಲ್ಲಿ, ಅದೇ ವಿಮಾನ ಕ್ಯಾಲಿಫೋರ್ನಿಯಾದಲ್ಲಿ ಸ್ಕೈಡೈವರ್‌ಗಳನ್ನು ಒಯ್ಯುತ್ತಿದ್ದಾಗ ಗಿರಕಿ ಹೊಡೆದು, ಬಾಲದ ಒಂದು ಭಾಗ ಕಿತ್ತುಹೋಗಿತ್ತು. ಅವತ್ತು ಒಳಗಿದ್ದವರು ಜಿಗಿದು ಬದುಕಿದರು, ಪೈಲಟ್ ಹೇಗೋ ಇಳಿಸಿದ. ಬಾಲ ಸರಿ ಮಾಡಿಸಿದರು. ರೆಕ್ಕೆಯ ಸೊಟ್ಟು ಹಾಗೇ ಉಳಿಯಿತು. ಹವಾಯಿಯಲ್ಲಿ ಅದನ್ನು ಹತ್ತಿದ ಪ್ರವಾಸಿಗಳಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ನಾವು ಎಂಜಿನಿಯರ್‌ಗಳಲ್ಲ, ಉತ್ತರ ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ನಿಜ. ಆದರೆ ಉತ್ತರ ಕೊಡುವ ರೀತಿ ಗೊತ್ತಾಗುತ್ತದೆ. ಒಳ್ಳೆಯ ಜಾಗದವರಿಗೆ ಈ ಪ್ರಶ್ನೆಗಳು ಇಷ್ಟ. ಅವರು ವಿಮಾನದ ಹತ್ತಿರ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಕೇಳಿದ್ದಕ್ಕೆ ನಕ್ಕು ತೇಲಿಸಿದರೆ, ರೇಗಿದರೆ, "ಅದೆಲ್ಲಾ ನಿಮಗ್ಯಾಕೆ" ಅಂದರೆ, ಅಡ್ವಾನ್ಸ್ ಹೋದರೂ ಪರವಾಗಿಲ್ಲ, ಬೇರೆ ಜಾಗ ನೋಡಿ.

ಹಾಗೇ ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ತೆಗೆದು ನೋಡಿ. ಎಷ್ಟೋ ಪ್ರವಾಸಿ ಪಾಲಿಸಿಗಳಲ್ಲಿ ಸ್ಕೈಡೈವಿಂಗ್ ಸೇರಿರುವುದಿಲ್ಲ. ಬೇರೆಯಾಗಿ ಸೇರಿಸಬೇಕಾಗುತ್ತದೆ.

ಹೆಜ್ಜೆ 2: ತೂಕ ಇದ್ದದ್ದು ಇದ್ದ ಹಾಗೆ ಹೇಳಿ

ಫಾರ್ಮ್‌ನಲ್ಲಿ ತೂಕ ಕೇಳುತ್ತಾರೆ. ನಾಚಿಕೆಗೋ, ಮಿತಿ ದಾಟಿದೆ ಎಂದೋ ಐದಾರು ಕೆಜಿ ಕಮ್ಮಿ ಬರೆಯುವವರು ಇದ್ದಾರೆ. ದಯವಿಟ್ಟು ಬೇಡ. ಅಲ್ಲೇ ತೂಕದ ಯಂತ್ರ ಇದ್ದರೆ ಅದರ ಮೇಲೆ ನಿಲ್ಲಿ.

ಸಣ್ಣ ವಿಮಾನ ತಕ್ಕಡಿ ಇದ್ದ ಹಾಗೆ. ಒಟ್ಟು ತೂಕ ಒಂದು ಲೆಕ್ಕ, ಆ ತೂಕ ಎಲ್ಲಿ ಕೂತಿದೆ ಎಂಬುದು ಇನ್ನೊಂದು ಲೆಕ್ಕ. ಭಾರ ಬಾಲದ ಕಡೆ ಜಾಸ್ತಿಯಾದರೆ ಮೂತಿ ಮೇಲೇಳುತ್ತದೆ, ವೇಗ ಇಳಿಯುತ್ತದೆ. ವೇಗ ತೀರಾ ಇಳಿದು ಮೂತಿ ತೀರಾ ಎದ್ದರೆ ರೆಕ್ಕೆಗೆ ಎತ್ತುವ ಶಕ್ತಿ ಹೋಗುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಸ್ಕೈಡೈವಿಂಗ್ ವಿಮಾನಕ್ಕೆ ಈ ಅಪಾಯ ಬೇರೆ ವಿಮಾನಗಳಿಗಿಂತ ಜಾಸ್ತಿ. ಏಕೆಂದರೆ ಬಾಗಿಲು ಹೆಚ್ಚಾಗಿ ಹಿಂದೆ ಇರುತ್ತದೆ, ಜಿಗಿಯುವ ಹೊತ್ತಿಗೆ ಎಲ್ಲರೂ ಹಿಂದಕ್ಕೆ ಸರಿಯುತ್ತಾರೆ, ಅದೇ ಹೊತ್ತಿಗೆ ಪೈಲಟ್ ವೇಗ ಕಮ್ಮಿ ಮಾಡಿರುತ್ತಾನೆ.

ಸ್ವೀಡನ್‌ನ ಉಮೆಯೊ ಹತ್ತಿರ 2019ರ ಜುಲೈ 14ರಂದು ಆದದ್ದು ಇದೇ. ಗಿಪ್ಸ್‌ಏರೋ ಏರ್‌ವ್ಯಾನ್ ವಿಮಾನ, ಒಳಗೆ 9 ಜನ. ಸುಮಾರು 4,000 ಮೀಟರ್ ಎತ್ತರದಲ್ಲಿ, ಜಿಗಿಯಬೇಕಾದ ಹೊತ್ತಿಗೆ ಸರಿಯಾಗಿ ವಿಮಾನ ಹಿಡಿತ ತಪ್ಪಿತು. ವೇಗ ಕಮ್ಮಿ ಇತ್ತು, ಬಾಲದ ಕಡೆ ಭಾರ ಜಾಸ್ತಿ ಇತ್ತು, ಸುತ್ತ ಮೋಡ. ಪೈಲಟ್‌ನ ಅನುಭವಕ್ಕೆ ಮೀರಿದ ಕೆಲಸದ ಒತ್ತಡವೂ ಇತ್ತು ಎಂದು ತನಿಖೆ ಹೇಳಿತು. ಬೀಳುವಾಗ ವಿಮಾನ ಗಾಳಿಯಲ್ಲೇ ಮುರಿಯಿತು. ಪ್ಯಾರಾಚೂಟ್ ಬೆನ್ನಿಗಿದ್ದವರು ಕೂಡ ಹೊರಗೆ ಬರಲಾಗದೆ ಹೋದರು.

ಇದರಿಂದ ನಿಮಗೆ ಎರಡು ಪಾಠ. ತೂಕ ನಿಜ ಹೇಳಿ. ಕೂರಿಸಿದ ಜಾಗದಲ್ಲೇ ಕೂತಿರಿ. ಫೋಟೊ ಚೆನ್ನಾಗಿ ಬರುತ್ತೆ ಅಂತ, ಸ್ನೇಹಿತರ ಪಕ್ಕ ಇರೋಣ ಅಂತ ಸುಮ್ನೆ ಹಿಂದೆ ಮುಂದೆ ಸರಿಯಬೇಡಿ. "ಈಗ ಸರಿಯಿರಿ" ಎಂದಾಗ ಮಾತ್ರ, ಎಷ್ಟು ಹೇಳಿದರೋ ಅಷ್ಟೇ ಸರಿಯಿರಿ.

ಹೆಜ್ಜೆ 3: ಹತ್ತುವಾಗ ಪ್ರೊಪೆಲ್ಲರ್ ಕಡೆ ಹೋಗಬೇಡಿ

ಸ್ಕೈಡೈವಿಂಗ್ ವಿಮಾನ ದಿನವಿಡೀ ಇಳಿಯುತ್ತೆ, ಹತ್ತಿಸಿಕೊಳ್ಳುತ್ತೆ, ಏರುತ್ತೆ. ಹಾಗಾಗಿ ಎಷ್ಟೋ ಸಲ ಎಂಜಿನ್ ನಿಲ್ಲಿಸುವುದೇ ಇಲ್ಲ. ತಿರುಗುತ್ತಿರುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ವಿಮಾನಕ್ಕೆ ಹಿಂದಿನಿಂದಲೇ, ಬಾಲದ ಕಡೆಯಿಂದಲೇ ಹೋಗಿ. ಇನ್‌ಸ್ಟ್ರಕ್ಟರ್ ಕೈ ಹಿಡಿದಿದ್ದರೆ ಬಿಡಿಸಿಕೊಳ್ಳಬೇಡಿ. ಟೋಪಿ, ಚಾಳೀಸು ಹಾರಿಹೋದರೆ ಹೋಗಲಿ, ಹಿಂದೆ ಓಡಬೇಡಿ.

ಹೆಜ್ಜೆ 4: ಬೆಲ್ಟ್

ಇದನ್ನೇ ನಾನು ಜಾಸ್ತಿ ಹೊತ್ತು ಹೇಳಬೇಕೆಂದಿರುವುದು.

ಒಳಗೆ ಹೋದರೆ ಮಾಮೂಲಿ ಸೀಟುಗಳು ಕಾಣುವುದಿಲ್ಲ. ಉದ್ದಕ್ಕೆ ಬೆಂಚ್ ಇರಬಹುದು, ಇಲ್ಲವೇ ಬರೀ ನೆಲ. ನೆಲದಲ್ಲಾದರೆ ವಿಮಾನದ ಬಾಲದ ಕಡೆ ಮುಖ ಮಾಡಿ, ಒಬ್ಬರ ಕಾಲ ನಡುವೆ ಇನ್ನೊಬ್ಬರು ಒತ್ತಿಕೊಂಡು ಕೂರುತ್ತೀರಿ. ಬೆಲ್ಟ್ ಕೂಡ ಕಾರಿನ ಹಾಗಿಲ್ಲ. ನೆಲಕ್ಕೋ ಗೋಡೆಗೋ ಬಿಗಿದಿರುವ ಒಂದು ಪಟ್ಟಿ. ಅದನ್ನು ನಿಮ್ಮ ಹಾರ್ನೆಸ್‌ನ ಪಟ್ಟಿಯೊಳಗೆ ತೂರಿಸಿ ಸಿಕ್ಕಿಸುತ್ತಾರೆ.

ನನ್ನ ಮೊದಲ ಜಿಗಿತದಲ್ಲಿ ಆ ಪಟ್ಟಿ ಎಲ್ಲಿದೆ ಎಂದು ನನಗೆ ಗೊತ್ತೇ ಆಗಲಿಲ್ಲ. ಹಿಂದೆ ಕೂತ ಇನ್‌ಸ್ಟ್ರಕ್ಟರ್ ನನ್ನ ತೊಡೆಯ ಪಕ್ಕ ಕೈ ಹಾಕಿ, ಯಾರದೋ ಬೂಟಿನ ಅಡಿ ಸಿಕ್ಕಿದ್ದ ಪಟ್ಟಿಯನ್ನು ಎಳೆದರು. ಸೊಂಟದ ಹತ್ತಿರ ಹಾರ್ನೆಸ್ ಒಳಗೆ ತೂರಿಸಿದರು. ಕಟ್ ಎಂಬ ಸದ್ದು ಬಂತು. ಎರಡು ಸಲ ಎಳೆದು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಬಕಲ್ ಮೇಲೆ ಇಟ್ಟು, ಬಿಚ್ಚುವುದು ಹೇಗೆ ಎಂದು ನನ್ನ ಬೆರಳಿನಿಂದಲೇ ಮಾಡಿಸಿದರು. ಮತ್ತೆ ಹಾಕಿಸಿದರು. ಎಂಜಿನ್ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಆದರೆ ಬೆರಳಿಗೆ ಅರ್ಥವಾಯಿತು. ನಿಮಗೂ ಯಾರಾದರೂ ಹೀಗೆ ಮಾಡಿಸದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ? ವಿಮಾನ ನೆಲಕ್ಕೆ ಬಡಿದಾಗ ಬೆಲ್ಟ್ ಇಲ್ಲದ ಮೈ ಎಲ್ಲವೂ ಮುಂದಕ್ಕೆ ಹಾರುತ್ತದೆ. ಒಬ್ಬರ ಮೇಲೊಬ್ಬರು ಬಿದ್ದು, ಪೈಲಟ್ ಮೇಲೆ ರಾಶಿಯಾಗುತ್ತಾರೆ. ನೀವು ಬೆಲ್ಟ್ ಹಾಕದಿದ್ದರೆ ಪೆಟ್ಟಾಗುವುದು ನಿಮಗೆ ಮಾತ್ರ ಅಲ್ಲ, ನಿಮ್ಮ ಮುಂದೆ ಕೂತವರಿಗೂ. 1992ರಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್ ವ್ಯಾಲಿಯಲ್ಲಿ ಒಂದು ಟ್ವಿನ್ ಓಟರ್ ಟೇಕಾಫ್ ಆದ ಕೂಡಲೇ ಬಿತ್ತು. ಇಂಧನದಲ್ಲಿ ನೀರು ಸೇರಿತ್ತು. 22 ಜನರಲ್ಲಿ 16 ಜನ ತೀರಿಕೊಂಡರು. ಆ ದುರಂತದ ನಂತರವೇ ಸ್ಕೈಡೈವರ್‌ಗಳಲ್ಲಿ ಬೆಲ್ಟ್ ಹಾಕಿಕೊಳ್ಳುವ ರೂಢಿ ಗಟ್ಟಿಯಾಗಿ ಬೇರೂರಿದ್ದು. 2006ರಲ್ಲಿ ಮಿಸ್ಸೌರಿಯ ಸಲ್ಲಿವನ್‌ನಲ್ಲಿ ಇನ್ನೊಂದು ಟ್ವಿನ್ ಓಟರ್ ಹೀಗೇ ಏರುವಾಗ ಬಿದ್ದು 8 ಜನರಲ್ಲಿ 6 ಜನ ಸತ್ತರು. ಬೆಲ್ಟ್ ಹೇಗಿರಬೇಕು ಎಂಬ ಚರ್ಚೆ ಅಲ್ಲಿಂದ ಇನ್ನೂ ಜೋರಾಯಿತು.

ಆ ಚರ್ಚೆಯ ಸಾರ ಇಷ್ಟು: ಮೈಯ ಒಂದೇ ಕಡೆ ಸಿಕ್ಕಿಸುವ ಬೆಲ್ಟ್‌ಗಿಂತ ಎರಡು ಕಡೆ ಸಿಕ್ಕಿಸುವ ಬೆಲ್ಟ್ ಎಷ್ಟೋ ಮೇಲು. ಒಂದೇ ಕಡೆ ಕಟ್ಟಿದರೆ ಮೈ ಅದರ ಸುತ್ತ ತಿರುಗಿ ಬಡಿಯುತ್ತದೆ. ಆಸ್ಟ್ರೇಲಿಯಾದ ಕಾಬೂಲ್ಚರ್‌ನಲ್ಲಿ 2014ರಲ್ಲಿ ಸೆಸ್ನಾ 206 ಬಿದ್ದು 5 ಜನ ಸತ್ತ ಮೇಲೆ ಅಲ್ಲಿನ ತನಿಖಾ ಸಂಸ್ಥೆಯೂ ಇದನ್ನೇ ಹೇಳಿತು. ಹಿಂದಕ್ಕೆ ಮುಖ ಮಾಡಿ ಕೂತವರು ಎರಡು ಕಡೆ ಬೆಲ್ಟ್ ಇದ್ದರೆ ಬದುಕುವ ಸಾಧ್ಯತೆ ಜಾಸ್ತಿ. ಆದ್ದರಿಂದ ಹತ್ತುವ ಮೊದಲೇ ಕೇಳಿ: "ಬೆಲ್ಟ್ ಒಂದು ಕಡೆಯದೋ ಎರಡು ಕಡೆಯದೋ?" ಒಂದೇ ಕಡೆಯದಿದ್ದರೂ ಹಾಕಿಕೊಳ್ಳಿ, ಸಡಿಲ ಬಿಡದೆ ಬಿಗಿ ಮಾಡಿ. ಹೆಲ್ಮೆಟ್, ಕ್ಯಾಮೆರಾ ಇದ್ದರೆ ತಲೆಗೆ ಹಾಕಿಕೊಂಡಿರಿ, ಇಲ್ಲವೇ ಎಲ್ಲಾದರೂ ಭದ್ರ ಮಾಡಿ. ಕೈಯಲ್ಲಿ ಹಿಡಿದ ಹೆಲ್ಮೆಟ್ ಬಡಿತದ ಹೊತ್ತಿಗೆ ಕಲ್ಲಿನ ಹಾಗೆ ಹಾರುತ್ತದೆ.

ಎಲ್ಲಿವರೆಗೆ ಹಾಕಿರಬೇಕು? ಸಾಮಾನ್ಯವಾಗಿ 1,000ದಿಂದ 1,500 ಅಡಿವರೆಗೆ. ಜಾಗದಿಂದ ಜಾಗಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಬಿಚ್ಚಿ ಎಂದು ಇನ್‌ಸ್ಟ್ರಕ್ಟರ್ ಹೇಳಿದ ಮೇಲೆ ಬಿಚ್ಚಿ, ಪಕ್ಕದವರು ಬಿಚ್ಚಿದರು ಅಂತ ಅಲ್ಲ.

ಹೆಜ್ಜೆ 5: ಮೇಲೇರುವಾಗ ಏನಾದರೂ ಆದರೆ

ನೆಲದ ಮೇಲೇ ಇನ್‌ಸ್ಟ್ರಕ್ಟರ್ ಹತ್ತಿರ ಈ ಮಾತು ಆಡಿಕೊಳ್ಳಿ. ಜಿಗಿಯುವಾಗ ಬಾಳೆಹಣ್ಣಿನ ಹಾಗೆ ಮೈ ಬಾಗಿಸುವುದು, ಇಳಿಯುವಾಗ ಕಾಲೆತ್ತುವುದು ಎಲ್ಲಾ ಹೇಳಿಕೊಡುತ್ತಾರೆ. ವಿಮಾನ ಕೆಟ್ಟರೆ ಏನು ಎಂಬುದು ಕೆಲವು ಕಡೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಸಂಕೋಚ ಬಿಟ್ಟು ಇನ್ನೊಮ್ಮೆ ಕೇಳಿ.

ತತ್ವ ಸರಳ. ತೀರಾ ಕೆಳಗೆ, ಅಂದರೆ ಸುಮಾರು 1,000 ಅಡಿಗಿಂತ ಕಮ್ಮಿ ಇದ್ದರೆ, ಎಲ್ಲರೂ ವಿಮಾನದ ಜೊತೆಯೇ ಇಳಿಯುತ್ತಾರೆ. ಬೆಲ್ಟ್ ಬಿಗಿ, ಗಲ್ಲ ಎದೆಗೆ, ಎರಡೂ ಕೈಯಿಂದ ತಲೆಯ ಹಿಂಭಾಗ ಮುಚ್ಚಿ, ಮೈ ಮುದುಡಿ ಕೂರಬೇಕು. ಹಿಂದಕ್ಕೆ ಮುಖ ಮಾಡಿದ್ದರೆ ಹಿಂದಿರುವ ಮೈಗೋ ಗೋಡೆಗೋ ಬೆನ್ನನ್ನು ಪೂರ್ತಿ ಆನಿಸಿ. ವಿಮಾನ ಪೂರ್ತಿ ನಿಲ್ಲುವವರೆಗೆ ಬೆಲ್ಟ್ ಬಿಚ್ಚಬಾರದು. ಮೊದಲ ಬಡಿತದ ನಂತರ ಎರಡನೆಯದೂ ಬರಬಹುದು.

ಸಾಕಷ್ಟು ಎತ್ತರ ಇದ್ದರೆ ಜಿಗಿಯುತ್ತಾರೆ. ನಡುವೆ ಇದ್ದರೆ ಇನ್‌ಸ್ಟ್ರಕ್ಟರ್ ಮತ್ತು ಪೈಲಟ್ ನಿರ್ಧರಿಸುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಕೆಲಸ ಒಂದೇ: ಪ್ರಶ್ನೆ ಕೇಳದೆ, ಕೈ ಬಾಗಿಲಿಗೆ ಹಿಡಿಯದೆ, ಅವರು ಹೇಳಿದಂತೆ ಮಾಡುವುದು.

2015ರ ಜನವರಿ 7ರಂದು ನ್ಯೂಜಿಲೆಂಡ್‌ನ ಟೌಪೊ ಸರೋವರದ ಬಳಿ ಹೀಗೇ ಆಯಿತು. ಪೈಲಟ್, 6 ಸಿಬ್ಬಂದಿ, 6 ಮಂದಿ ಮೊದಲ ಸಲ ಬಂದ ಗಿರಾಕಿಗಳು, ಒಟ್ಟು 13 ಜನ. ಸುಮಾರು 2,000 ಅಡಿ ಏರುವಷ್ಟರಲ್ಲಿ ಎಂಜಿನ್ ಕೈಕೊಟ್ಟಿತು. ಆ ಎತ್ತರದಲ್ಲಿ ಯೋಚಿಸಲು ಪುರುಸೊತ್ತಿಲ್ಲ. ಇನ್‌ಸ್ಟ್ರಕ್ಟರ್‌ಗಳು ತಮ್ಮ ತಮ್ಮ ಗಿರಾಕಿಗಳ ಜೊತೆ ಒಬ್ಬರ ಹಿಂದೊಬ್ಬರು ಹೊರಗೆ ಹಾರಿದರು. ಪೈಲಟ್ ಕೂಡ ಹಾರಿದ. ವಿಮಾನ ಸರೋವರಕ್ಕೆ ಬಿತ್ತು. ಹದಿಮೂರೂ ಜನ ಬದುಕಿದರು. 2024ರ ಜೂನ್ 1ರಂದು ಮಿಸ್ಸೌರಿಯ ಬಟ್ಲರ್‌ನಲ್ಲೂ ಸೆಸ್ನಾ ವಿಮಾನವೊಂದರಿಂದ ಪೈಲಟ್ ಸೇರಿ 7 ಜನ ಹಾರಿ ಉಳಿದುಕೊಂಡರು. 2013ರಲ್ಲಿ ವಿಸ್ಕಾನ್ಸಿನ್‌ನ ಸುಪೀರಿಯರ್ ಮೇಲೆ ಎರಡು ಸ್ಕೈಡೈವಿಂಗ್ ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾದವು. ಒಂದು ವಿಮಾನ ಬೆಂಕಿ ಹತ್ತಿ ಮುರಿದರೂ 11 ಜನರೂ ಬದುಕಿದರು. ಮುರಿದ ವಿಮಾನದ ಪೈಲಟ್ ಉಳಿದದ್ದು ಅವನ ಬೆನ್ನಿಗಿದ್ದ ತುರ್ತು ಪ್ಯಾರಾಚೂಟ್‌ನಿಂದ. ಪೈಲಟ್‌ಗೂ ಪ್ಯಾರಾಚೂಟ್ ಇದೆಯಾ ಎಂದು ಕೇಳಿ ಅಂದೆನಲ್ಲ, ಇದಕ್ಕೇ.

ಈ ಮೂರೂ ಘಟನೆಗಳಲ್ಲಿ ಎತ್ತರ ಇತ್ತು. ಅದಕ್ಕೇ ಇನ್‌ಸ್ಟ್ರಕ್ಟರ್‌ಗೆ ಇನ್ನೂ ಒಂದು ಪ್ರಶ್ನೆ ಹಾಕಿ: "ನನ್ನನ್ನು ಯಾವ ಎತ್ತರದಲ್ಲಿ ನಿಮಗೆ ಸಿಕ್ಕಿಸಿಕೊಳ್ತೀರಿ?" ಆ ಉತ್ತರ ಗೊತ್ತಿದ್ದರೆ, ಯಾವ ಹೊತ್ತಿನಲ್ಲಿ ನಿಮ್ಮ ಆಧಾರ ಬೆಲ್ಟ್, ಯಾವಾಗ ಪ್ಯಾರಾಚೂಟ್ ಎಂಬುದು ನಿಮಗೇ ಸ್ಪಷ್ಟವಾಗುತ್ತದೆ.

ಹೆಜ್ಜೆ 6: ಬಾಗಿಲು ತೆಗೆದ ಮೇಲೆ ಕೈ ಹತೋಟಿಯಲ್ಲಿರಲಿ

ಹಾರ್ನೆಸ್ ಮೇಲೆ, ಇನ್‌ಸ್ಟ್ರಕ್ಟರ್ ಮೈಮೇಲೆ ಹಲವು ಹಿಡಿಕೆಗಳು ಇರುತ್ತವೆ. ಒಂದು ಎಳೆದರೂ ಪ್ಯಾರಾಚೂಟ್ ಹೊರಗೆ ಬರಬಹುದು. ಬಾಗಿಲು ತೆಗೆದಿದ್ದರೆ ಬಟ್ಟೆ ಗಾಳಿಗೆ ಸಿಕ್ಕಿ, ಮನುಷ್ಯನನ್ನೂ ಎಳೆದುಕೊಂಡು ಹೋಗಿ ಬಾಲಕ್ಕೆ ಸುತ್ತಿಕೊಳ್ಳುತ್ತದೆ. ಒಬ್ಬರ ತಪ್ಪು, ಆದರೆ ಇಡೀ ವಿಮಾನಕ್ಕೆ ಅಪಾಯ.

2025ರ ಸೆಪ್ಟೆಂಬರ್ 20ರಂದು ಆಸ್ಟ್ರೇಲಿಯಾದ ಟಲ್ಲಿಯಲ್ಲಿ ಇದು ಆಗಿಯೇ ಹೋಯಿತು. ಸೆಸ್ನಾ ಕ್ಯಾರವಾನ್, 15,000 ಅಡಿ. ಅನುಭವಿ ಸ್ಕೈಡೈವರ್ ಒಬ್ಬರು ಬಾಗಿಲಿನಿಂದ ಹೊರಬರುವಾಗ ಅವರ ರಿಸರ್ವ್ ಹಿಡಿಕೆ ರೆಕ್ಕೆಯ ಫ್ಲ್ಯಾಪ್‌ಗೆ, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಭಾಗಕ್ಕೆ, ಸಿಕ್ಕಿತು. ರಿಸರ್ವ್ ಬಿಚ್ಚಿಕೊಂಡು ಬಾಲದ ಅಡ್ಡ ರೆಕ್ಕೆಗೆ ಸುತ್ತಿತು. ಅವರು ವಿಮಾನದ ಕೆಳಗೆ ನೇತಾಡುತ್ತಿದ್ದರು. ಹತ್ತಿರ ಒಂದು ಹುಕ್ ಚಾಕು ಇತ್ತು. ಕೊಕ್ಕೆಯ ಹಾಗೆ ಬಾಗಿದ, ಒಳಬದಿಯಲ್ಲಿ ಮಾತ್ರ ಹರಿತ ಇರುವ ಅಂಗೈಯಷ್ಟು ಚಾಕು. ಅದರಿಂದ ದಾರಗಳನ್ನು ಒಂದೊಂದಾಗಿ ಕೊಯ್ದರು. 11 ದಾರ. ಬಿಡಿಸಿಕೊಂಡು, ಮುಖ್ಯ ಪ್ಯಾರಾಚೂಟ್ ಬಿಚ್ಚಿ ಸಣ್ಣಪುಟ್ಟ ಗಾಯಗಳೊಂದಿಗೆ ಇಳಿದರು. ಬಾಲ ಜಖಂ ಆದ ವಿಮಾನವನ್ನು ಪೈಲಟ್ ಕ್ಷೇಮವಾಗಿ ಇಳಿಸಿದ. ಅಗತ್ಯ ಬಿದ್ದರೆ ತಾನೂ ಹಾರಲು ಅವನ ಬೆನ್ನಿಗೆ ಪ್ಯಾರಾಚೂಟ್ ಇತ್ತು.

ನೀವು ಮೊದಲ ಸಲದವರು ಮಾಡಬೇಕಾದದ್ದು ಕಮ್ಮಿ. ಬಾಗಿಲ ಹತ್ತಿರ ಕೈಗಳನ್ನು ಎದೆಯ ಮೇಲಿನ ಪಟ್ಟಿಗೆ ಹಿಡಿದುಕೊಂಡಿರಿ. ಏನನ್ನೂ ಕುತೂಹಲಕ್ಕೆ ಮುಟ್ಟಬೇಡಿ, ಎಳೆಯಬೇಡಿ. ಜಾಗ ಬದಲಿಸುವಾಗ ಯಾವುದಾದರೂ ಪಟ್ಟಿ ಸಿಕ್ಕಿದ ಹಾಗೆ ಅನ್ನಿಸಿದರೆ ಕೂಡಲೇ ನಿಲ್ಲಿ, ಹೇಳಿ. ನಿಮ್ಮ ಇನ್‌ಸ್ಟ್ರಕ್ಟರ್ ಹತ್ತಿರ ಹುಕ್ ಚಾಕು ಇದೆಯಾ ಎಂದೂ ಮೊದಲೇ ಕೇಳಬಹುದು.

ಹೆಜ್ಜೆ 7: ಜಿಗಿಯದೆ ವಾಪಸ್ ಇಳಿಯಬೇಕಾದರೆ

ಮೋಡ ಮುಚ್ಚಿತು, ಗಾಳಿ ಜೋರಾಯಿತು ಅಂತ ಎಷ್ಟೋ ಸಲ ವಿಮಾನ ಎಲ್ಲರನ್ನೂ ಹೊತ್ತು ವಾಪಸ್ ಬರುತ್ತದೆ. ಬೇಜಾರಾಗುತ್ತದೆ, ಆದರೆ ಅದು ಒಳ್ಳೆಯ ನಿರ್ಧಾರ. ಒತ್ತಾಯ ಮಾಡಬೇಡಿ.

ಮತ್ತೆ ಬೆಲ್ಟ್ ಹಾಕಿಕೊಳ್ಳಿ. ನಿರಾಸೆಯಲ್ಲಿ ಇದು ಮರೆತುಹೋಗುವುದೇ ಜಾಸ್ತಿ. ಬಾಗಿಲು ಮುಚ್ಚಿರಬೇಕು. ಇನ್‌ಸ್ಟ್ರಕ್ಟರ್‌ಗಳಿಗೆ ಇನ್ನೊಂದು ಕೆಲಸ ಇರುತ್ತದೆ. ಪ್ಯಾರಾಚೂಟ್‌ನಲ್ಲಿ ಒಂದು ಪುಟ್ಟ ಯಂತ್ರ ಇರುತ್ತೆ. ಬೀಳುವ ವೇಗ ನೋಡಿ, ತೀರಾ ಕೆಳಗೆ ಬಂದರೂ ಪ್ಯಾರಾಚೂಟ್ ಬಿಚ್ಚಿಲ್ಲ ಅಂದರೆ ತಾನೇ ರಿಸರ್ವ್ ಬಿಚ್ಚುತ್ತದೆ. ಟ್ಯಾಂಡಮ್ ಸೈಪ್ರೆಸ್ ಎಂಬ ಯಂತ್ರ 1,900 ಅಡಿಗೆ ಹೀಗೆ ಮಾಡುತ್ತದೆ. ಕಲಿಯುವವರ ಯಂತ್ರ ಇನ್ನೂ ಕಮ್ಮಿ ವೇಗಕ್ಕೇ ಎಚ್ಚರಗೊಳ್ಳುತ್ತದೆ. ವಿಮಾನ ಸರ್ರನೆ ಕೆಳಗಿಳಿದರೆ ಮನುಷ್ಯನೇ ಬೀಳುತ್ತಿದ್ದಾನೆ ಎಂದು ಅದು ತಿಳಿಯಬಹುದು. ಹಾಗಾಗಿ ಪೈಲಟ್ ನಿಧಾನ ಇಳಿಸಬೇಕು, ಇನ್‌ಸ್ಟ್ರಕ್ಟರ್‌ಗಳು ಅದನ್ನು ನೋಡಿಕೊಳ್ಳಬೇಕು. ಅವರು ಆ ಗಡಿಬಿಡಿಯಲ್ಲಿರುವಾಗ ಮಾತಾಡಿಸಬೇಡಿ.

ಹೆಜ್ಜೆ 8: ನೀವು ಇಳಿದಿರಿ, ವಿಮಾನ ಇನ್ನೂ ಮೇಲಿದೆ

ನಿಮ್ಮ ಕಾಲು ನೆಲಕ್ಕೆ ತಾಗಿತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ. ಮೇಲೆ ಪೈಲಟ್ ಒಬ್ಬನೇ ಖಾಲಿ ವಿಮಾನ ಇಳಿಸುತ್ತಿದ್ದಾನೆ. ಅವನ ಕೆಲಸದ ಕಷ್ಟದ ಭಾಗಗಳಲ್ಲಿ ಇದೂ ಒಂದು. ಮುಂದಿನ ತಂಡ ಕಾಯುತ್ತಿರುತ್ತೆ, ಬೇಗ ಇಳಿಯಬೇಕು. ಭಾರ ಕಮ್ಮಿ ಇರಲಿ ಅಂತ ಇಂಧನವನ್ನು ಲೆಕ್ಕಕ್ಕೆ ಸರಿಯಾಗಿ ಹಾಕಿರುತ್ತಾರೆ. ಬೆಳಗಿನಿಂದ ಇದು ಎಷ್ಟನೆಯ ಸುತ್ತೋ. ಸುತ್ತ ಪ್ಯಾರಾಚೂಟ್‌ಗಳು ತೇಲುತ್ತಿರುತ್ತವೆ, ಅವನ್ನು ತಪ್ಪಿಸಿ ಬರಬೇಕು. 2024ರ ಜುಲೈ 20ರಂದು ನ್ಯೂಯಾರ್ಕ್ ರಾಜ್ಯದ ಯಂಗ್ಸ್‌ಟೌನ್ ಹತ್ತಿರ ಸ್ಕೈಡೈವರ್‌ಗಳನ್ನು ಬಿಟ್ಟು ಮರಳುತ್ತಿದ್ದ ಒಂದು ಕ್ಯಾರವಾನ್ ಬಿದ್ದು ಪೈಲಟ್ ತೀರಿಕೊಂಡರು. ಜಿಗಿದವರೆಲ್ಲ ಕ್ಷೇಮವಾಗಿದ್ದರು.

ಇಳಿದ ಕೂಡಲೇ ತೋರಿಸಿದ ದಾರಿಯಲ್ಲೇ ನಡೆಯಿರಿ. ರನ್‌ವೇ ದಾಟುವ ಮುಂಚೆ ಎರಡೂ ಕಡೆ ನೋಡಿ, ಆಕಾಶವನ್ನೂ ನೋಡಿ. ಪ್ಯಾರಾಚೂಟ್ ಬಟ್ಟೆಯನ್ನು ಗಾಳಿಗೆ ಹಾರಲು ಬಿಡಬಾರದು, ಪ್ರೊಪೆಲ್ಲರ್‌ಗೆ ಸಿಕ್ಕೀತು. ನಿಮ್ಮನ್ನು ನೋಡಲು ಬಂದ ಮನೆಯವರಿಗೂ, ಮುಖ್ಯವಾಗಿ ಮಕ್ಕಳಿಗೆ, ಬೇಲಿಯ ಆಚೆಯೇ ನಿಲ್ಲಲು ಮೊದಲೇ ಹೇಳಿಟ್ಟಿರಿ.

ಹೆಜ್ಜೆ 9: ಕಣ್ಣೆದುರೇ ವಿಮಾನ ಬಿದ್ದರೆ

ಬೇಗ, ಆದರೆ ಹುಚ್ಚೆದ್ದು ಓಡದೆ, ಈ ಕ್ರಮದಲ್ಲಿ ಮಾಡಿ. ಆ ದೇಶದ ತುರ್ತು ಸಂಖ್ಯೆಗೆ ಫೋನ್ ಮಾಡಿ. ಆ ಸಂಖ್ಯೆ ಹೋಗುವ ದಿನವೇ ಗೊತ್ತಿರಲಿ. ಎಲ್ಲಿ ಬಿತ್ತು, ಬೆಂಕಿ ಇದೆಯಾ, ಒಳಗೆ ಎಷ್ಟು ಜನ ಇರಬಹುದು, ಇಷ್ಟು ಹೇಳಿ. ಸ್ಕೈಡೈವಿಂಗ್ ವಿಮಾನದಲ್ಲಿ ಈ ಕೊನೆಯ ಲೆಕ್ಕ ಗೊಂದಲದ್ದು, ಏಕೆಂದರೆ ಕೆಲವರು ಜಿಗಿದಿರಬಹುದು, ಕೆಲವರು ಒಳಗಿರಬಹುದು. ಆಕಾಶದಲ್ಲಿ ಎಷ್ಟು ಪ್ಯಾರಾಚೂಟ್ ಕಂಡಿರಿ ಎಂದು ಎಣಿಸಿ ಹೇಳಿ. ಹತ್ತಿದವರ ಪಟ್ಟಿ ಸ್ಕೈಡೈವಿಂಗ್ ಕಚೇರಿಯಲ್ಲಿ ಇರುತ್ತದೆ. ಅದನ್ನು ರಕ್ಷಣಾ ಸಿಬ್ಬಂದಿಗೆ ಯಾರಾದರೂ ಒಬ್ಬರು ತಂದುಕೊಡುವ ಹಾಗೆ ನೋಡಿಕೊಳ್ಳಿ.

ಹತ್ತಿರ ಹೋಗಲೇಬೇಕಾದರೆ ಗಾಳಿ ಬೀಸುವ ಕಡೆಯಿಂದ ಹೋಗಿ, ಆಗ ಹೊಗೆ ನಿಮ್ಮ ಮುಖಕ್ಕೆ ಬರುವುದಿಲ್ಲ. ಇಂಧನದ ವಾಸನೆ ಬಂದರೆ ಅಲ್ಲಿ ಬೀಡಿ, ಸಿಗರೇಟು, ಕಾರ್ ಸ್ಟಾರ್ಟ್ ಮಾಡುವುದು ಯಾವುದೂ ಬೇಡ. ಪ್ರೊಪೆಲ್ಲರ್ ನಿಂತಿದ್ದರೂ ಅದರ ಎದುರು ನಿಲ್ಲಬೇಡಿ. ಒಳಗಿರುವವರಿಗೆ ಪ್ರಜ್ಞೆ ಇದ್ದರೆ ಬೆಲ್ಟ್ ಬಿಚ್ಚಿಕೊಳ್ಳಲು ಹೇಳಿ, ಬಿಚ್ಚಲಾಗದಿದ್ದರೆ ಕೊಯ್ಯಿರಿ. ಬೆಂಕಿ ಇಲ್ಲದಿದ್ದರೆ ಬೆನ್ನು, ಕುತ್ತಿಗೆಗೆ ಪೆಟ್ಟಾದವರನ್ನು ಎಳೆದಾಡಬೇಡಿ, ಮಾತಾಡಿಸುತ್ತಾ ಇರಿ, ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೆಂಕಿ ಇದ್ದರೆ ಲೆಕ್ಕಾಚಾರ ಬೇಡ, ಎಳೆದು ದೂರ ಒಯ್ಯಿರಿ. ನಡೆದು ಹೊರಬಂದವರನ್ನೂ ಆಸ್ಪತ್ರೆಗೆ ಕಳಿಸಿ. ಒಳಪೆಟ್ಟು ಅವತ್ತು ಗೊತ್ತಾಗುವುದಿಲ್ಲ.

ಮುರಿದ ಚೂರುಗಳನ್ನು ಮುಟ್ಟಬೇಡಿ, ನೆನಪಿಗೆ ಅಂತ ಎತ್ತಿಕೊಳ್ಳಬೇಡಿ. ಫಿನ್ಲೆಂಡ್‌ನ ಯಾಮಿಯಾರ್ವಿಯಲ್ಲಿ 2014ರ ಏಪ್ರಿಲ್‌ನಲ್ಲಿ 11 ಜನರಿದ್ದ ಸ್ಕೈಡೈವಿಂಗ್ ವಿಮಾನ ಬಿದ್ದು 8 ಜನ ಸತ್ತರು, 3 ಜನ ಹೊರಗೆ ಹಾರಿ ಉಳಿದರು. ರೆಕ್ಕೆಗೆ ಆಸರೆ ಕೊಡುವ ಕಂಬಿಯಲ್ಲಿ ಬಿರುಕು ಇತ್ತು ಎಂದು ಗೊತ್ತಾದದ್ದು ಮುರಿದ ಲೋಹದ ತುದಿಯನ್ನು ಪರೀಕ್ಷಿಸಿದ ಮೇಲೆ. ಒಂದು ಚೂರು ಜಾಗ ಬದಲಾದರೂ ತನಿಖೆಗೆ ತೊಂದರೆ.

ನಿಮ್ಮ ಫೋನ್‌ನಲ್ಲಿ ವಿಮಾನ ಏರುವ, ಬೀಳುವ ವಿಡಿಯೊ ಇದ್ದರೆ ಅದನ್ನು ಅಳಿಸಬೇಡಿ, ಕತ್ತರಿಸಬೇಡಿ, ಎಲ್ಲರಿಗೂ ಹಂಚಲೂ ಬೇಡಿ. ತೀರಿಕೊಂಡವರ ಮನೆಯವರಿಗೆ ಸುದ್ದಿ ಮುಟ್ಟುವ ಮುಂಚೆ ಅದು ಅವರ ಫೋನ್‌ಗೆ ಹೋಗಬಾರದು. ಮೂಲ ಫೈಲನ್ನು ಹಾಗೇ ಇಟ್ಟುಕೊಂಡು ತನಿಖಾಧಿಕಾರಿಗಳಿಗೆ ಕೊಡಿ. ಎಂಜಿನ್ ಸದ್ದು ಹೇಗಿತ್ತು, ವಿಮಾನ ಯಾವ ಕಡೆ ವಾಲಿತು, ಎಷ್ಟು ಹೊತ್ತಿಗೆ, ಕಂಡಷ್ಟನ್ನು ಅದೇ ದಿನ ಒಂದು ಹಾಳೆಯಲ್ಲಿ ಬರೆದಿಡಿ. ಬೇರೆಯವರ ಜೊತೆ ಮಾತಾಡಿದ ಮೇಲೆ ನಾವು ಕಂಡದ್ದು, ಅವರು ಹೇಳಿದ್ದು ಎರಡೂ ಬೆರೆತುಹೋಗುತ್ತದೆ. ಹಾಳೆಯ ಕೆಳಗೆ ದಿನಾಂಕ, ಸಮಯ, ನೀವು ನಿಂತಿದ್ದ ಜಾಗ ಬರೆಯುವುದನ್ನು ಮರೆಯಬೇಡಿ.